ಎಮಿಲ್ ಆರಿಸಿದ ಡ್ರಿಲ್ಲು

ನಮ್ಮ ಅಂಗಡಿಗೆ ಬ್ಯಾಟರಿ ಡ್ರಿಲ್ಲು ಕೊಳ್ಳಲು ಬರುವ ಗಂಡಸರೆಲ್ಲ ಒಂದೇ ಅಚ್ಚಿನವರು. ಡಬ್ಬಿಯ ಮೇಲೆ ಬರೆದದ್ದನ್ನು ಓದುವುದಿಲ್ಲ, ಮಾರುವವಳಾದ ನನ್ನನ್ನು ಕೇಳುವುದಂತೂ ಇಲ್ಲವೇ ಇಲ್ಲ. ಕೈಗೆತ್ತಿಕೊಂಡು ಗಾಳಿಯಲ್ಲಿ ಗುರ್ರೆನ್ನಿಸಿ, ಎಲ್ಲ ಬಲ್ಲವರಂತೆ ತಲೆಯಾಡಿಸಿ, ಅಲ್ಲಿದ್ದುದರಲ್ಲಿ ದೊಡ್ಡದನ್ನು ಹೊತ್ತುಕೊಂಡು ಹೋಗುತ್ತಾರೆ. ಮನೆಗೆ ಹೋಗಿ ಅಡುಗೆಮನೆಯ ಕಪಾಟಿಗೆ ಒಂದು ಸ್ಕ್ರೂ ತಿರುಗಿಸಿದರೆ ಅದೇ ಹೆಚ್ಚು. ಎಮಿಲ್ ವೊಬೊರ್ನಿಗೆ ಡ್ರಿಲ್ಲು ಬೇಕಿದ್ದುದು ನೆಲ ಕೊರೆಯುವುದಕ್ಕೆ. ಅದೂ ನೆಬ್ರಾಸ್ಕದ ಚಳಿಗಾಲದಲ್ಲಿ, ಕಲ್ಲಿನಂತೆ ಹೆಪ್ಪುಗಟ್ಟಿದ ನೆಲ.

ಎಮಿಲ್ ಬೇಸಿಗೆಯಲ್ಲಿ ಅವರಿವರ ಬೇಲಿ ರಿಪೇರಿ ಮಾಡುತ್ತಿದ್ದ, ಸುಗ್ಗಿಯಲ್ಲಿ ಜೋಳದ ಲಾರಿ ಓಡಿಸುತ್ತಿದ್ದ. ಚಳಿ ಬಿತ್ತೆಂದರೆ ಬೋನು ಹಿಡಿದು ಹೊರಡುತ್ತಿದ್ದ. ಕರುಗಳನ್ನು ಕಾಡುವ ಕಯೋಟಿ ಎಂಬ ಚಿಕ್ಕ ತೋಳಗಳಿಗೂ ಕೋಳಿ ಕದಿಯುವ ನರಿಗಳಿಗೂ ನಮ್ಮ ಕಡೆ ಅವನೇ ಯಮ. ಆದರೆ ಆಳು ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಅಂಗಡಿಯ ಬಾಗಿಲು ಜೋರಾಗಿ ಮುಚ್ಚಿಕೊಂಡರೆ ಬಾಗಿಲಿಗೇ ಕ್ಷಮೆ ಕೇಳುವಷ್ಟು ಸಂಕೋಚದ ಮನುಷ್ಯ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಮಾತಾಡಿಸಿದರೆ ಟೋಪಿ ತೆಗೆದು ಅದರೊಳಗೆ ಏನೋ ಕಳೆದುಹೋದ ಹಾಗೆ ಇಣುಕುತ್ತ ಉತ್ತರ ಕೊಡುವವನು.

ಅವನ ಕೆಲಸದಲ್ಲಿ ಮೋಸವೇ ಬಂಡವಾಳ. ನರಿ ತನ್ನ ತಿನಿಸನ್ನು ಹೂತಿಟ್ಟ ಹಾಗೆ ಕಾಣುವಂತೆ ನೆಲದಲ್ಲಿ ಓರೆಯಾಗಿ ಒಂದು ಬಿಲ ತೋಡಬೇಕು. ಬಿಲದೊಳಗೆ ನಾರುವ ಮಾಂಸದ ಚೂರು ಇಡಬೇಕು. ಬಿಲದ ಬಾಯಿಯ ಮುಂದೆ, ಪ್ರಾಣಿ ಕಾಲಿಡುವ ಜಾಗದಲ್ಲಿ, ಕಾಲನ್ನು ಕಚ್ಚಿ ಹಿಡಿಯುವ ಉಕ್ಕಿನ ಬೋನನ್ನು ಹೂತು ಮೇಲೆ ಜರಡಿ ಹಿಡಿದ ಮಣ್ಣು ಉದುರಿಸಬೇಕು. ಇಷ್ಟರಲ್ಲಿ ಮನುಷ್ಯನ ವಾಸನೆ ಎಲ್ಲೂ ಸುಳಿಯಬಾರದು. ಎಮಿಲ್ ಬೋನುಗಳನ್ನು ಅಕ್ರೋಟಿನ ಸಿಪ್ಪೆಯ ಜೊತೆ ಕುದಿಸಿ, ಮೇಣದಲ್ಲಿ ಅದ್ದಿ, ರಬ್ಬರ್ ಗವಸು ಹಾಕಿದ ಕೈಯಲ್ಲೇ ಮುಟ್ಟುತ್ತಿದ್ದ. ಮಂಡಿಯೂರಲು ಬೇರೆಯೇ ಒಂದು ಗೋಣಿಬಟ್ಟೆ ಇಟ್ಟುಕೊಂಡಿದ್ದ.

ಇನ್ನೊಂದು ಪದ್ಧತಿಯಿತ್ತು, ಅದನ್ನು ಇಲ್ಲಿ ಬೋನು ಇಡುವವರೆಲ್ಲ ಪಾಲಿಸುತ್ತಾರೆ. ಯಾರ ಜಮೀನಿನಲ್ಲಿ ಬೋನು ಇಟ್ಟರೂ ಅದೇ ಸಂಜೆ ಅವರ ಬಾಗಿಲು ಬಡಿದು, ಎಲ್ಲೆಲ್ಲಿ ಇಟ್ಟಿದ್ದೇನೆ, ನಾಯಿಯನ್ನು ಕಟ್ಟಿಹಾಕಿ ಎಂದು ಹೇಳಿ ಬರಬೇಕು. ಕಾಗದಪತ್ರವಿಲ್ಲ, ಸಹಿಯಿಲ್ಲ. ಬಾಗಿಲು ಬಡಿಯುವವನಿಗೆ ಗೇಟು ತೆರೆದಿರುತ್ತದೆ, ಅಷ್ಟೆ.

ಎಮಿಲ್‌ಗೆ ಯಾವಾಗಲೂ ತೆರೆದಿದ್ದ ಗೇಟು ಲಿಬ್ಬಿ ಹ್ರುಶ್ಕಾಳದು. ಹಳ್ಳದ ದಂಡೆಯ ದನದ ಫಾರ್ಮನ್ನು ಒಬ್ಬಳೇ ನಡೆಸುವ ಮುದುಕಿ. ಚೆಕ್ ಮೂಲದ ನಾವೆಲ್ಲ ಅವಳನ್ನು ಟೆಟಾ ಅನ್ನುತ್ತೇವೆ, ಅಂದರೆ ಅತ್ತೆ. ಯಾರಿಗೂ ಸ್ವಂತ ಅತ್ತೆಯಲ್ಲ, ಆದರೆ ಬೈಯುವ ಹಕ್ಕು ಮಾತ್ರ ಎಲ್ಲರ ಮೇಲೂ ಇಟ್ಟುಕೊಂಡಿದ್ದಳು. ಅವಳ ನಾಯಿ ಪೆಪಿಕ್. ಕಪ್ಪು ಬಿಳಿ ಬಣ್ಣದ, ದನ ಕಾಯುವ ನಾಯಿ. ಎಮಿಲ್‌ನ ಕೋಟಿನ ಎದೆಜೇಬಿನಲ್ಲಿ ಸದಾ ಒಣಗಿದ ಸಾಸೇಜಿನ ತುಂಡುಗಳಿರುತ್ತಿದ್ದವು. ಅವು ಪೆಪಿಕ್‌ನ ಪಾಲು. ಎಮಿಲ್‌ನ ಗಾಡಿಯ ಸದ್ದು ಕೇಳಿದರೆ ಸಾಕು, ಆ ನಾಯಿ ದನಗಳನ್ನು ದೇವರ ಮೇಲೆ ಬಿಟ್ಟು ಗೇಟಿಗೆ ಓಡಿಬರುತ್ತಿತ್ತು. ಸಂಕೋಚವಿಲ್ಲದೆ ಎಮಿಲ್ ಮಾತಾಡುತ್ತಿದ್ದುದು ಅದರ ಜೊತೆ ಮಾತ್ರ.

ಈ ಸಲದ ಚಳಿಗಾಲದ ಹೊತ್ತಿಗೆ ಎಮಿಲ್‌ನ ಮಂಡಿಗಳು ಕೈಕೊಟ್ಟಿದ್ದವು. ಮಂಡಿಯೂರಿ ಕರಣೆಯಿಂದ ಹೆಪ್ಪುಗಟ್ಟಿದ ಮಣ್ಣನ್ನು ಕೆತ್ತಲು ಆಗುತ್ತಿರಲಿಲ್ಲ. ತಂಗಿಯ ಗಂಡನ ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಡ್ರಿಲ್ಲೊಂದನ್ನು ತಂದು, ಉದ್ದನೆಯ ಮಣ್ಣು ಕೊರೆಯುವ ಬಿಟ್ ಸಿಕ್ಕಿಸಿಕೊಂಡ. ನಿಂತಲ್ಲೇ ನಿಂತು ಬಿಲ ಕೊರೆಯಬಹುದು! ಅಷ್ಟೇ ಸಾಕಾಯಿತು ಅವನಿಗೆ. ಆದರೆ ಆ ಡ್ರಿಲ್ಲಿಗೆ ಎರಡು ರೋಗ. ಚಳಿಗೆ ಬ್ಯಾಟರಿ ಸತ್ತುಹೋಗುತ್ತಿತ್ತು, ಹಾಗಾಗಿ ಅದನ್ನು ಕೋಟಿನೊಳಗೆ ಎದೆಗೆ ಅವುಚಿಕೊಂಡು ಬೆಚ್ಚಗಿಡಬೇಕು. ಮತ್ತೆ ಒತ್ತುವ ಗುಂಡಿಯ ಜಾಗ ತೀರಾ ಇಕ್ಕಟ್ಟು, ದಪ್ಪ ಗವಸಿನ ಬೆರಳು ಒಳಗೆ ಹೋಗುತ್ತಿರಲಿಲ್ಲ. ಗವಸು ಕಳಚಿ ಬರಿಗೈಯಲ್ಲೇ ಹಿಡಿಯಬೇಕು.

ಒಂದು ಮಧ್ಯಾಹ್ನ ಲಿಬ್ಬಿಯ ಹಳ್ಳದ ಬಳಿ ಬೋನುಗಳನ್ನೆಲ್ಲ ಇಟ್ಟು, ಬಾಗಿಲು ಬಡಿದು ಹೇಳಿ ಬಂದ. ಗಾಡಿ ಹತ್ತುವಾಗ ನೋಡಿದರೆ ಇನ್ನೂ ಬೆಳಕಿತ್ತು, ಬ್ಯಾಟರಿಯಲ್ಲೂ ಜೀವವಿತ್ತು. ಕರಣೆಯ ಕಾಲದಲ್ಲಾಗಿದ್ದರೆ ಅಷ್ಟರಲ್ಲಿ ಸೊಂಟ ಹಿಡಿದುಕೊಂಡು ಮನೆ ಸೇರಿರುತ್ತಿದ್ದ. ಡ್ರಿಲ್ಲು ಕೈಯಲ್ಲಿತ್ತಲ್ಲ, ಲಿಬ್ಬಿಯ ದನದ ದಾರಿಯ ತಿರುವಿನಲ್ಲಿ ಇನ್ನೊಂದು ಬಿಲ ಗುರ್ರೆನ್ನಿಸಿ ಬೋನು ಇಟ್ಟ. ಆ ಒಂದನ್ನು ಹೇಳಲು ಮತ್ತೆ ಅಷ್ಟು ದೂರ ವಾಪಸು ಹೋಗಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ.

ಬೆಳಿಗ್ಗೆ ಆ ಕೊನೆಯ ಬೋನಿನಲ್ಲಿ ಪೆಪಿಕ್ ಸಿಕ್ಕಿಕೊಂಡಿತ್ತು.

ಬೇರೆ ಬೋನುಗಳ ಕಡೆಗೆ ಅದು ಹೋಗದಂತೆ ಲಿಬ್ಬಿ ನೋಡಿಕೊಂಡಿದ್ದಳು. ದನದ ದಾರಿಯಲ್ಲಿ ಏನಿದ್ದೀತು ಎಂದು ಅಲ್ಲಿಗೆ ಬಿಟ್ಟಿದ್ದಳು. ನಾಯಿ ಬಂದದ್ದು ಬಿಲದೊಳಗಿನ ಮಾಂಸಕ್ಕಲ್ಲ. ಮಾಂಸವನ್ನು ಅದು ಮುಟ್ಟಿಯೇ ಇರಲಿಲ್ಲ. ಬಿಲದ ಬಾಯಿಯ ಒಂದು ಪಕ್ಕವನ್ನು, ಕೊರೆದಾದ ಮೇಲೆ ಎಮಿಲ್ ಬಗ್ಗಿ ಬರಿಗೈಯಲ್ಲೇ ಮಣ್ಣು ಸವರಿದ್ದ ಜಾಗವನ್ನು, ನೆಕ್ಕಿ ನೆಕ್ಕಿ ನುಣ್ಣಗೆ ಮಾಡಿತ್ತು. ಎಮಿಲ್‌ನನ್ನು ಕಂಡು ಮಲಗಿದಲ್ಲೇ ಬಾಲ ಬಡಿಯಿತು. ಬೋನು ಬಿಡಿಸುವಾಗಲೂ ಕಚ್ಚಲಿಲ್ಲ, ಅವನ ಮಣಿಕಟ್ಟನ್ನು ನೆಕ್ಕಿತು.

ಇದನ್ನೆಲ್ಲ ಎಮಿಲ್ ನನಗೆ ಆಮೇಲೆ ಹೇಳಿದ್ದು. "ಕಚ್ಚಿದ್ರೆ ಚೆನ್ನಾಗಿತ್ತು ಡೋರೀನ್," ಎಂದು ಮತ್ತೆ ಮತ್ತೆ ಹೇಳಿದ.

ಅವನು ನಾಯಿಯನ್ನು ಕೋಟಿನಲ್ಲಿ ಸುತ್ತಿಕೊಂಡು ಲಿಬ್ಬಿಯ ಬಾಗಿಲಿಗೆ ಹೋದ. ನಿಜ ಹೇಳಬೇಕೆಂದೇ ಹೋದವನು. ಬಾಗಿಲು ತೆರೆದವಳು ನಾಯಿಯ ಊದಿದ ಪಾದ ನೋಡಿ, "ಅಯ್ಯೋ ನನ್ನಪ್ಪಾ, ಹಳೇ ಬೇಲಿ ತಂತಿಗೆ ಸಿಕ್ಕಾಕ್ಕೊಂಡ್ನಾ? ಎಲ್ಲಿ ಸಿಕ್ಕ ನಿಂಗೆ?" ಎಂದಳು. ಎಮಿಲ್ ಹೌದೆಂದು ತಲೆಯಾಡಿಸಿಬಿಟ್ಟ. ಆ ಮನುಷ್ಯನ ಇಡೀ ಬಾಳಿನ ದೊಡ್ಡ ಸುಳ್ಳಿಗೆ ಒಂದು ಮಾತೂ ಖರ್ಚಾಗಲಿಲ್ಲ. ಲಿಬ್ಬಿ ಅವನನ್ನು ಒಲೆಯ ಪಕ್ಕ ಕೂರಿಸಿ ಕಾಫಿ ಕೊಟ್ಟಳು, ಪ್ಲಮ್ ಹಣ್ಣು ತುಂಬಿದ ಬಿಸಿ ಬನ್ನು ಕೊಟ್ಟಳು. ಅವನು ತಿಂದ.

ಚಳಿಗೆ ಮರಗಟ್ಟಿದ್ದ ಪೆಪಿಕ್‌ನ ಪಾದದ ಎರಡು ಬೆರಳುಗಳನ್ನು ದನದ ಡಾಕ್ಟರು ಕತ್ತರಿಸಬೇಕಾಯಿತು. ಎಮಿಲ್ ಡ್ರಿಲ್ಲನ್ನು ತಂಗಿಯ ಗಂಡನ ಶೆಡ್ಡಿಗೆ ವಾಪಸು ಹಾಕಿ, ಬೋನುಗಳನ್ನೆಲ್ಲ ಎತ್ತಿಬಿಟ್ಟ. ಮಂಡಿನೋವು ಎಂದು ಊರು ತಿಳಿಯಿತು. ಅಂಗಡಿಗೆ ಬಂದಾಗಲೂ ಅವನು ನನಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಕರು ಹಾಕುವ ಕಾಲ ಹತ್ತಿರವಾದಾಗ ಒಂದು ದಿನ ಲಿಬ್ಬಿ ಅವನನ್ನು ಎಳೆದುಕೊಂಡೇ ಅಂಗಡಿಗೆ ಬಂದಳು. ಹಿಂದೆ ಪೆಪಿಕ್, ಪಾದಕ್ಕೆ ಪಟ್ಟಿ, ಮೂರು ಕಾಲಿನಲ್ಲಿ ಕುಂಟುತ್ತ.

"ಡೋರೀನ್, ನಿನ್ನ ಹತ್ರ ಇರೋದ್ರಲ್ಲಿ ಒಳ್ಳೇ ಡ್ರಿಲ್ಲು ತೆಗಿಯೇ. ಧೂಳು ಹಿಡಿದಿದ್ದನ್ನ ನನ್ನ ತಲೆಗೆ ಕಟ್ಟಬೇಡ."

"ಮುಟ್ಟಿ ನೋಡಿ ಟೆಟಾ, ಧೂಳಿದ್ರೆ ಪುಕ್ಕಟೆ ಕೊಡ್ತೀನಿ. ನಿಮಗ್ಯಾಕೆ ಈಗ ಡ್ರಿಲ್ಲು? ಹಲ್ಲು ರಿಪೇರಿಗಾ?"

"ಬಾಯಿ ನೋಡು ಇವಳ್ದು! ನನಗಲ್ಲ, ಈ ಮಹಾರಾಯನಿಗೆ. ಪೆಪಿಕ್‌ನ ಎತ್ಕೊಂಡು ಬಂದು ಉಳಿಸಿದನಲ್ಲ, ಅದಕ್ಕೆ. ಇವನು ನೋಡಿದ್ರೆ ಮದುವೆ ಹೆಣ್ಣಿನ ಥರ ಬೇಡ ಬೇಡ ಅಂತಾನೆ. ಬೋನಿಗೆ ಬಿಲ ಕೊರೆಯೋಕೆ ಯಾವುದು ಸರಿ, ಅದನ್ನ ಕೊಡು."

ಎಮಿಲ್ ಆಗಲೇ ಟೋಪಿಯೊಳಗೆ ಹುಡುಕಾಟ ಶುರು ಮಾಡಿದ್ದ. "ಬೇಡ ಟೆಟಾ. ನಿಜವಾಗ್ಲೂ ಬೇಡ. ನಂಗೆ ಯೋಗ್ಯತೆ ಇಲ್ಲ."

"ಯೋಗ್ಯತೆ ಅಂತೆ! ಡ್ರಿಲ್ಲು ಕೇಳಿದ್ರೆ ಇಗರ್ಜಿ ಮಾತಾಡ್ತಾನೆ. ಆರಿಸೋ ಸುಮ್ನೆ. ಕರು ಹುಟ್ಟೋ ಹೊತ್ತಿಗೆ ಕಯೋಟಿಗಳು ಬಂದು ನನ್ನ ಅಂಗಳದಲ್ಲಿ ಕೂತಿರ್ತಾವೆ, ನೀನು ಮಂಡಿನೋವು ಅಂತ ಮನೇಲಿ ಮಲಗಿರು."

ನನಗೆ ಆಗ ಏನೂ ಗೊತ್ತಿರಲಿಲ್ಲ. ವ್ಯಾಪಾರದ ಹುರುಪಿನಲ್ಲಿ ಮೂರು ಡ್ರಿಲ್ಲುಗಳನ್ನು ಕಟ್ಟೆಯ ಮೇಲೆ ಇಟ್ಟೆ. ಅವನು ಸುಮ್ಮನೆ ನೋಡುತ್ತಿದ್ದ. ಆದರೆ ಕೆಲಸ ಬಲ್ಲವನ ಕೈ, ಎಷ್ಟು ಹೊತ್ತು ತಡೆದೀತು? ಮೊದಲು ದೊಡ್ಡದನ್ನು ಎತ್ತಿದ, ಇಳಿಸಿದ.

"ಇದರ ಕೈ ಜೋರು. ಬೇರು ಸಿಕ್ತು ಅಂದ್ರೆ ಬಿಟ್ ಅಲ್ಲೇ ನಿಂತ್ಕೊಳತ್ತೆ, ಡ್ರಿಲ್ಲು ತಿರುಗತ್ತೆ. ಜೊತೆಗೆ ನನ್ನ ಮಣಿಕಟ್ಟೂ."

"ಪಕ್ಕದ ಹಿಡಿ ಇದೆಯಲ್ಲ?" ಎಂದೆ.

"ಇನ್ನೊಂದು ಕೈಲಿ ಬೇರೆ ಕೆಲಸ ಇರತ್ತೆ ಡೋರೀನ್." ಚಿಕ್ಕದನ್ನು ಮುಟ್ಟಲೂ ಇಲ್ಲ. "ಇದು ಹೂವಿನ ಕುಂಡಕ್ಕೆ."

ನಡುವಿನದನ್ನು ಎತ್ತಿಕೊಂಡ. ನಿಧಾನದ ಗೇರಿಗೆ ಹಾಕಿ ತಿರುಗಿಸಿದ. ಸದ್ದು ಕಡಿಮೆ, ತಿರುಗುವ ಬಲ ಜಾಸ್ತಿ. "ಬ್ಯಾಟರಿ?" ಎಂದು ಕೇಳಿದ.

"ಹೊಸ ಥರದ್ದು. ಚಳಿಗೆ ಜಗ್ಗಲ್ಲ. ಗಾಡಿಯಲ್ಲೇ ಇಟ್ಕೋ, ಎದೆಗೆ ಅವುಚ್ಕೊಂಡು ಓಡಾಡೋದೇನೂ ಬೇಕಾಗಿಲ್ಲ."

ಅವನ ಮುಖದಲ್ಲಿ ಏನೋ ಬದಲಾಯಿತು. ನಾನು ಅದನ್ನು ಆಸೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು! ಅವನು ಪ್ಯಾಂಟಿನ ಜೇಬಿನಿಂದ ರಬ್ಬರ್ ಗವಸು ತೆಗೆದು, ಒಂದೊಂದೇ ಬೆರಳು ತೂರಿಸಿ ಹಾಕಿಕೊಂಡ. ಗವಸಿನ ಕೈಯಲ್ಲಿ ಡ್ರಿಲ್ಲು ಹಿಡಿದು ಒತ್ತಿದ. ದಪ್ಪ ಬೆರಳು ಸಲೀಸಾಗಿ ಒಳಗೆ ಹೋಯಿತು, ಡ್ರಿಲ್ಲು ತಿರುಗಿತು. ನಿಲ್ಲಿಸಿದ. ಮತ್ತೆ ಒತ್ತಿದ.

"ಇದಾಗಿದ್ರೆ ಅವನು ಬರ್ತಿರ್ಲಿಲ್ಲ," ಎಂದ.

"ಯಾರು ಬರ್ತಿರ್ಲಿಲ್ಲ?" ಎಂದಳು ಲಿಬ್ಬಿ.

"ಪೆಪಿಕ್." ಡ್ರಿಲ್ಲನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. "ತಂತಿ ಅಲ್ಲ ಟೆಟಾ. ನನ್ನ ಬೋನು. ದನದ ದಾರಿ ತಿರುವಲ್ಲಿ ಒಂದು ಹೆಚ್ಚಿಗೆ ಇಟ್ಟೆ, ನಿಮಗೆ ಹೇಳ್ಲಿಲ್ಲ. ಬರಿಗೈಲಿ ಕೊರೆದಿದ್ದೆ. ಅಲ್ಲೆಲ್ಲ ನನ್ನ ವಾಸನೆ. ಅವನು ನನ್ನ ಹುಡುಕ್ಕೊಂಡು ಬಂದ."

ಲಿಬ್ಬಿ ದುಡ್ಡಿಗೆಂದು ತೆರೆದಿದ್ದ ಕೈಚೀಲದ ಬಾಯಿ ಮುಚ್ಚಿದಳು.

"ಆವತ್ತು ತಲೆ ಆಡಿಸಿದ್ಯಲ್ಲೋ."

"ಹೌದು."

"ಬೋನಿಗೆ ಸಿಕ್ಕಿದ್ದಕ್ಕೆ ನಾನು ಬೈತಿದ್ದೆ. ಎರಡು ದಿನ ಬೈದು ಸುಮ್ನಾಗ್ತಿದ್ದೆ. ಬೋನು ಅಂದಮೇಲೆ ಆಗತ್ತೆ. ಆದ್ರೆ ನನ್ನ ಅಡುಗೆಮನೇಲಿ ಕೂತು, ನಾನು ಕೊಟ್ಟ ಬನ್ನು ತಿಂದ್ಯಲ್ಲ ಎಮಿಲ್. ನಾಯಿ ಪಕ್ಕದಲ್ಲೇ ನರಳ್ತಾ ಇತ್ತು. ಹೇಗೆ ಇಳೀತು ಗಂಟಲಲ್ಲಿ?"

ಅವನು ಈ ಸಲ ಟೋಪಿಯೊಳಗೆ ನೋಡಲಿಲ್ಲ, ಅವಳನ್ನೇ ನೋಡುತ್ತ ನಿಂತ.

"ನನ್ನ ಗೇಟು ಇನ್ಮೇಲೆ ನಿಂಗಿಲ್ಲ," ಎಂದಳು ಲಿಬ್ಬಿ. ಬಾಗಿಲ ಬಳಿ ಹೋಗಿ ತಿರುಗಿದಳು. "ಪೆಪಿಕ್, ಬಾ."

ಪೆಪಿಕ್ ಬರಲಿಲ್ಲ. ಎಮಿಲ್‌ನ ಬೂಟಿನ ಮೇಲೆ ಕುಂಡಿಯೂರಿ, ಎದೆಜೇಬಿನ ಕಡೆ ಮೂಗು ಎತ್ತಿ ಕೂತಿತ್ತು. ಮಾತಿನ ಸದ್ದು ನಿಂತಿದ್ದರಿಂದ ತಿನಿಸಿನ ಹೊತ್ತು ಬಂತೆಂದು ತಿಳಿದಿರಬೇಕು. ಲಿಬ್ಬಿ ಮತ್ತೆ ಕರೆದಳು, ಅವಳ ದನಿ ಒಡೆಯಿತು. ನಾಯಿ ಬಾಲವನ್ನಷ್ಟೆ ಆಡಿಸಿತು.

"ಹೋಗೋ," ಎಂದ ಎಮಿಲ್. ಅದು ಕದಲಲಿಲ್ಲ. "ಹೋಗು ಅಂದೆ! ನಡಿ ಇಲ್ಲಿಂದ!" ಎಂದು ಗದರಿ ಕೈ ಎತ್ತಿದ. ಕೈಯಲ್ಲಿ ಇನ್ನೂ ರಬ್ಬರ್ ಗವಸಿತ್ತು. ಪೆಪಿಕ್ ಆ ಕೈಯನ್ನು ಮೂಸಿತು. ಅದಕ್ಕೆ ಯಾವ ವಾಸನೆಯೂ ಸಿಕ್ಕಿರಲಾರದು. ಕಿವಿ ಹಿಂದಕ್ಕೆ ಮಾಡಿ, ಪಟ್ಟಿ ಕಟ್ಟಿದ ಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಕುಂಟುತ್ತ ಲಿಬ್ಬಿಯ ಹಿಂದೆ ಹೋಯಿತು.

ಎಮಿಲ್ ನನ್ನ ಕಟ್ಟೆಗೆ ಒರಗಿದ. ಎಲ್ಲ ಹೇಳಿದ್ದು ಆಗಲೇ. ಒಳ್ಳೆಯದೇ ಮಾಡಿದೆ, ಹೇಳಿಬಿಟ್ಟೆಯಲ್ಲ ಎಂದು ಸಮಾಧಾನ ಮಾಡಹೋದೆ. "ಹೇಳಿದ್ದು ನಾನಲ್ಲ, ಆ ಡ್ರಿಲ್ಲು," ಎಂದ. ಅವನು ಹೋದ ಮೇಲೆ ಅದನ್ನು ಡಬ್ಬಿಗೆ ಹಾಕಿ ಮೇಲಿನ ಹಲಗೆಗೆ ಏರಿಸಿದೆ. ಮಾರಲು ನನಗೆ ಮನಸ್ಸಾಗಲಿಲ್ಲ.

ಎಮಿಲ್ ಈಗ ಹಳ್ಳದ ಆಚೆ ದಂಡೆಯ ಜಮೀನುಗಳಲ್ಲಿ ಬೋನು ಇಡುತ್ತಾನೆ. ಮತ್ತೆ ಕರಣೆ, ಮತ್ತೆ ಮಂಡಿ. ಒಂದೇ ಬೋನು ಇಟ್ಟರೂ ಬಾಗಿಲು ಬಡಿಯುತ್ತಾನೆ. ಅಲ್ಲಿಗೆ ಹೋಗಲು ಲಿಬ್ಬಿಯ ಗೇಟಿನ ಮುಂದಿನ ರಸ್ತೆಯೇ ಹತ್ತಿರ. ಅವನು ಅದನ್ನು ಬಿಟ್ಟು ಹೆದ್ದಾರಿ ಹಿಡಿದು ಊರನ್ನೆಲ್ಲ ಸುತ್ತಿ ಹೋಗುತ್ತಾನೆ. ಲಿಬ್ಬಿಯ ಕಣ್ಣು ತಪ್ಪಿಸುತ್ತಿದ್ದಾನೆ ಎಂದು ಜನ ಆಡಿಕೊಳ್ಳುತ್ತಾರೆ. ನಾನೂ ಹಾಗೇ ತಿಳಿದು ಒಮ್ಮೆ ಕೆಣಕಿದೆ.

"ಟೆಟಾಗೆ ಹೆದರಿ ಅಲ್ಲ," ಎಂದ. "ನನ್ನ ಗಾಡಿ ಸದ್ದು ಕೇಳಿದ್ರೆ ಅವನು ಗೇಟಿಗೆ ಓಡಿ ಬರ್ತಾನೆ ಡೋರೀನ್. ಆ ಕಾಲಲ್ಲಿ."