ತುಣುಕಿಗೆ ಸಿಗದ ಅಭಿನಯ

ಮೂಡುಬಿದಿರೆಯ ಸಂಘವೊಂದು ಕರಾವಳಿಯ ಸಿನಿಮಾಗಳಿಗೆ ಪ್ರಶಸ್ತಿ ಕೊಡಲು ನೇಮಿಸಿದ ಆಯ್ಕೆ ಸಮಿತಿಯಲ್ಲಿ ನಾನಿದ್ದೆ. ಹೆಂಗಸು ನಾನೊಬ್ಬಳೇ, ಅದು ಮೊದಲ ಅನ್ಯಾಯ. ಎರಡನೆಯದು ಅಲ್ಲಿ ಕುಳಿತ ಮೇಲೆ ತಿಳಿಯಿತು. ತೀರ್ಪುಗಾರರು ಸಿನಿಮಾ ನೋಡುವ ಕ್ರಮವೇ ಇರಲಿಲ್ಲ. ನಿರ್ಮಾಪಕರು ಆರಿಸಿ ಕಳುಹಿಸಿದ ಐದು ನಿಮಿಷದ ತುಣುಕನ್ನು ನೋಡುವುದು, ಗೋಳಿಬಜೆ ತಿನ್ನುವುದು, ಅಂಕ ಹಾಕುವುದು.

ಸ್ಪರ್ಧೆಯಲ್ಲಿದ್ದ ನಟಿಯರಲ್ಲಿ ಒಬ್ಬಳು ಬೆಳ್ತಂಗಡಿಯ ನನ್ನ ಗೆಳತಿ, ಬಂಟ್ವಾಳಕ್ಕೆ ಮದುವೆಯಾಗಿ ಹೋದವಳು. ಇದನ್ನು ಮೊದಲೇ ತಿಳಿಸಿ, ಆ ವಿಭಾಗಕ್ಕೆ ಅಂಕ ಹಾಕುವುದಿಲ್ಲವೆಂದಿದ್ದೆ. ಪ್ರಶಸ್ತಿ ಬಂದರೆ ಮಾತ್ರ ಇನ್ನೊಂದು ಸಿನಿಮಾ ಎಂದು ಅವಳ ಅತ್ತೆ ಷರತ್ತು ಹಾಕಿದ್ದರು. ವಯಸ್ಕ ಹೆಣ್ಣೊಬ್ಬಳು ತನ್ನ ಕೆಲಸಕ್ಕೆ ಮನೆಯ ಅಪ್ಪಣೆ ಬೇಡಬೇಕಾದ ಈ ವ್ಯವಸ್ಥೆಯನ್ನು ನಾವು ಸಂಸ್ಕಾರವೆಂದು ಕರೆಯುತ್ತೇವೆ.

ಅವಳ ಸಿನಿಮಾವನ್ನು ನಾನು ಮೊದಲೇ ಥಿಯೇಟರಿನಲ್ಲಿ ಪೂರ್ತಿ ನೋಡಿದ್ದೆ. ಅವಳದು ಗಲ್ಫ್‌ನಲ್ಲಿರುವವನ ಹೆಂಡತಿಯ ಪಾತ್ರ. ಗಂಡ ಫೋನು ಮಾಡಿದಾಗಲೆಲ್ಲ, "ಇಲ್ಲಿ ಎಲ್ಲ ಸರಿ ಉಂಟು" ಎನ್ನುತ್ತಾಳೆ. ಸಿನಿಮಾ ಸಾಗಿದಂತೆ ಆ ಒಂದೇ ಮಾತು ಸ್ವಲ್ಪ ಸ್ವಲ್ಪವೇ ಒಣಗುತ್ತದೆ. ತುಣುಕಿನಲ್ಲಿ ಅದು ಕೇಳಿದ್ದು ಒಂದೇ ಸಲ.

ಮತ್ತೊಬ್ಬ ನಟಿ ನಿಜವಾಗಿಯೂ ತಲೆ ಬೋಳಿಸಿಕೊಂಡು, ಕೆಸರಿನಲ್ಲಿ ಹೊರಳಿ ಕಿರುಚಿದ್ದಳು.

"ಕೂದಲೇ ಕೊಟ್ಟಿದ್ದಾಳೆ ಮಾರಾಯ್ರೆ! ಇದಕ್ಕಿಂತ ದೊಡ್ಡ ನಟನೆ ಉಂಟಾ?" ಎಂದರು ಅಧ್ಯಕ್ಷರು.

"ಹಾಗಾದರೆ ಸೆಲೂನಿನವರಿಗೂ ಒಂದು ಫಲಕ ಕೊಡಿ," ಎಂದೆ ನಾನು. "ಮೊದಲು ಎರಡೂ ಸಿನಿಮಾ ಪೂರ್ತಿ ನೋಡುವ."

"ನೋಡುವ, ನೋಡುವ. ನನಗೆ ತೋಡಾರಿನಲ್ಲಿ ಮದುವೆ ಊಟ ಉಂಟು, ಅದನ್ನು ಯಾರು ನೋಡುವುದು?"

ನಗುವಿನ ನಡುವೆಯೇ ತೀರ್ಮಾನವಾಯಿತು. ತಲೆ ಬೋಳಿಸಿಕೊಂಡವಳ ಮೇಲೆ ನನಗೆ ಸಿಟ್ಟಿಲ್ಲ. ಹೆಣ್ಣಿನ ನೋವು ಕಿರುಚಿದರೆ ಮಾತ್ರ ಕಾಣುವಂಥ ಕಣ್ಣುಗಳನ್ನು ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸುತ್ತಾರಲ್ಲ, ಅದರ ಮೇಲೆ ಸಿಟ್ಟು.

ಫಲಿತಾಂಶ ಪ್ರಕಟವಾದ ಸಂಜೆ ಗೆಳತಿಗೆ ಫೋನು ಮಾಡಿದೆ. ಅವಳಿಗೆ ಆಗಲೇ ಗೊತ್ತಾಗಿತ್ತು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಆಯ್ತಲ್ಲ ನಿನ್ನ ಸಿನಿಮಾ? ಇನ್ನು ಆ ಹೊಸ ಸಿನಿಮಾದ ಡೈರೆಕ್ಟರಿಗೆ ಬರುವುದಿಲ್ಲ ಅಂತ ಹೇಳಿಬಿಡು."

"ಹೇಗಿದ್ದಿ?" ಎಂದೆ.



"ಇಲ್ಲಿ ಎಲ್ಲ ಸರಿ ಉಂಟು."

ಸಿನಿಮಾದ ಕೊನೆಯ ಫೋನಿನಲ್ಲಿ ಹೇಳಿದ್ದಕ್ಕಿಂತಲೂ ಚೆನ್ನಾಗಿ ಹೇಳಿದಳು.