ಹೂಂ ಅನ್ನುವವರು

"ನಮ್ಮನೆಯವರು ಎಲ್ಲಿ?"

ಹೋದ ವಾರ ಬೆಳಿಗ್ಗೆ ಫೋನ್ ಎತ್ತಿದ ಕೂಡಲೇ ಕಿವಿಗೆ ಬಿದ್ದ ಪ್ರಶ್ನೆ ಇದು. ಕೇಳಿದವರು ಭದ್ರಾವತಿಯ ಲಲಿತಾ ಟೀಚರ್. ಅವರ ಯಜಮಾನರನ್ನು ನಾನು ನೋಡಿಯೇ ಇಲ್ಲ. ನನ್ನನ್ನು ಕೇಳಿದರೆ?

ನನ್ನ ಕೆಲಸ ನಿಮಗೆ ಗೊತ್ತಲ್ಲ. ವಿನೋಬನಗರದ ಮನೆಯ ಕೋಣೆಯಲ್ಲಿ ಕೂತು ಬೇರೆಯವರ ಪಾಡ್‌ಕಾಸ್ಟ್ ಎಡಿಟ್ ಮಾಡುವುದು. (ಹಾಗಂದರೆ ಏನು ಕೆಲಸ ಎಂದು ನಮ್ಮ ಮಾವ ಇನ್ನೂ ಕೇಳುತ್ತಲೇ ಇದ್ದಾರೆ.) ರೇಡಿಯೋದಲ್ಲಿ ಮಾತಾಡಬೇಕು ಅಂತ ಆಸೆಯಿತ್ತು. ವಾಯ್ಸ್ ಟೆಸ್ಟ್‌ನಲ್ಲಿ ಫೇಲಾದೆ. ದುರ್ಗಿಗುಡಿಯ ಮೈಕ್‌ಸೆಟ್ ಅಂಗಡಿ ಸೇರಿದೆ, ಮದುವೆ ಆರ್ಕೆಸ್ಟ್ರಾಗಳಿಗೆ ಸೌಂಡ್ ನೋಡಿಕೊಂಡೆ, ಕಂಪ್ಯೂಟರ್ ಕಲಿತೆ. ಈಗ ದಿನವಿಡೀ ಊರವರ ಮಾತು ಕೇಳುತ್ತೇನೆ. ಅವರ ಉಸಿರು, ಕೆಮ್ಮು, ಆಂ, ಹೂಂ ಎಲ್ಲ ಕತ್ತರಿಸುತ್ತೇನೆ. ಮಾತಾಡುವ ಆಸೆ ಹೋಯಿತೇ? ಎಲ್ಲಿ ಹೋಗುತ್ತೆ.

ಟೀಚರ್ ತಾವು ಹೇಳಿದ ಮಕ್ಕಳ ಕಥೆಗಳನ್ನು ಹಿಂದೆಂದೋ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟು, ಈಗ ಕಳಿಸಿದ್ದರು. "ಸ್ವಲ್ಪ ಕ್ಲೀನ್ ಮಾಡಿಕೊಡು" ಅಂದಿದ್ದರು. ಕೇಳಿದರೆ, ಹಿಂದೆ ಯಾರೋ ಗಂಡಸು ಮಾತು ಮಾತಿಗೂ ಹೂಂ ಅನ್ನುತ್ತಿದ್ದಾರೆ. ಹುಡುಕಿ ಹುಡುಕಿ ತೆಗೆದೆ, ಒಂದು ಹೂಂ ಬಿಡಲಿಲ್ಲ. ಎಷ್ಟು ನೀಟಾಗಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಕ್ಲೀನ್ ಮಾಡು ಅಂದ್ರೆ ಫ್ಯಾನ್ ಸದ್ದು ತೆಗಿ ಅಂತ ಮಾರಾಯ. ನೀನು ಅವರನ್ನೇ ತೆಗೆದುಬಿಟ್ಯಲ್ಲ," ಎಂದರು ಟೀಚರ್.

ಯಜಮಾನರು ಯುಗಾದಿ ಹೊತ್ತಿಗೆ ತೀರಿಕೊಂಡಿದ್ದರಂತೆ. ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಮಾತು ಬಲು ಕಡಿಮೆ. ಫೋಟೋಗಳೇನೋ ಬೇಕಾದಷ್ಟಿವೆ. ಅವರ ದನಿ ಅಂತ ಉಳಿದಿರುವುದು ಈ ಹೂಂ ಮಾತ್ರ.

ನಾವು ಚಿಕ್ಕವರಿದ್ದಾಗ ಕಥೆ ಹೇಳುವವರು ಮೊದಲೇ ಷರತ್ತು ಹಾಕುತ್ತಿದ್ದರು. ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಅಲ್ಲಿಗೇ ಬಂದ್. ಅದು ನನಗೆ ಮರೆತೇ ಹೋಗಿತ್ತು. ಸಾಫ್ಟ್‌ವೇರ್‌ಗಂತೂ ಅದು ಬರೀ ಗಲಾಟೆ.

ಪುಣ್ಯಕ್ಕೆ ಒರಿಜಿನಲ್ ಫೈಲ್ ಡಿಲೀಟ್ ಮಾಡಿರಲಿಲ್ಲ. "ಎಲ್ಲಾ ವಾಪಸ್ ಹಾಕಿಕೊಡ್ತೀನಿ ಟೀಚರ್" ಅಂದೆ.

"ಇನ್ನೊಂದು ಮಾಡಿಕೊಡ್ತೀಯಾ? ನನ್ನ ಮಾತೆಲ್ಲ ತೆಗಿ, ಅವರ ಹೂಂ ಮಾತ್ರ ಇಡು. ನಾನು ಮಾತಾಡಿದ ಕಡೆ ಅಷ್ಟೇ ಹೊತ್ತು ಖಾಲಿ ಬಿಡು."

ಎರಡೂ ಫೈಲ್ ಮಾಡಿಕೊಂಡು ಭದ್ರಾವತಿ ಬಸ್ ಹತ್ತಿದೆ. (ವಾಟ್ಸಾಪ್ ಮಾಡಬಹುದಿತ್ತು. ಮನಸ್ಸು ಬರಲಿಲ್ಲ.)

ಟೀಚರ್ ಮೊಬೈಲನ್ನು ಎದುರಿನ ಕುರ್ಚಿ ಮೇಲಿಟ್ಟು, ಖಾಲಿ ಬಿಟ್ಟ ಫೈಲ್ ಹಾಕಿ, ಕಥೆ ಶುರು ಮಾಡಿದರು. ನರಿಯೊಂದು ಹೊಳೆ ದಾಟುವ ಕಥೆ. ಅವರು ನಿಲ್ಲಿಸಿದ ಕಡೆಯೆಲ್ಲ ಮೊಬೈಲಿನಿಂದ ಹೂಂ ಬರುತ್ತಿತ್ತು. ನನ್ನ ಮಾತಿಗೂ ಯಾರಾದರೂ ಎದುರು ಕೂತು ಹೀಗೆ ಹೂಂ ಅನ್ನಬಾರದೇ ಎಂದು ಎಷ್ಟು ಆಸೆಯಾಯಿತೆಂದರೆ, ಆ ವಯಸ್ಸಾದ ಹೆಂಗಸಿನ ಮುಂದೆ ನಾಚಿಕೆಯೇ ಆಯಿತು.

ಒಂದು ಕಡೆ ಟೀಚರ್ ಕಥೆ ಮರೆತು ತಡವರಿಸಿದರು. ಹೂಂ ಮೊದಲೇ ಬಂದುಬಿಟ್ಟಿತು.

"ತಡೀರಿ ಮಾರಾಯ್ರೆ, ನಾನಿನ್ನೂ ಹೇಳೇ ಇಲ್ಲ," ಎಂದು ಮೊಬೈಲಿಗೆ ಗದರಿದರು.

ಮೊಬೈಲ್ ಇನ್ನೊಮ್ಮೆ ಹೂಂ ಅಂದಿತು.

ಅವರಾಗಿದ್ದರೆ ಕಾಯುತ್ತಿದ್ದರು, ರೆಕಾರ್ಡಿಂಗ್ ಎಲ್ಲಿ ಕಾಯುತ್ತದೆ?