ಹಿನ್ನೀರಿನಲ್ಲಿ ಏರಿದ ಮುಳ್ಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ದೆವ್ವ-ಗಿವ್ವ ಅಂತ ಶುರು ಮಾಡಿದವರನ್ನು ಅಂಗಡಿಯಿಂದ ಬೈದು ಕಳಿಸುತ್ತಿದ್ದವನು ನಾನು. ಶಿರೂರಿನಲ್ಲಿ ನನ್ನದು ಡೀಸೆಲ್ ಎಂಜಿನ್ ರಿಪೇರಿ ಕೆಲಸ. ಎಂಜಿನ್ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆದರೆ ಆ ಸಂಜೆ ಕಂಡದ್ದಕ್ಕೆ... ಇವತ್ತಿಗೂ ನನಗೆ ಕಾರಣ ಸಿಕ್ಕಿಲ್ಲ.

ಯಮನಪ್ಪ ಕಾಕಾ ಬಾಗಲಕೋಟೆ ಕಡೆಯ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಅವನ ಒಬ್ಬನೇ ಮಗ ಹನಮಂತ ಬೇಸಿಗೆಯಲ್ಲಿ ಬಲೆ ಬಿಡಿಸಲು ಹೋಗಿ ನೀರುಪಾಲಾಗಿದ್ದ. ಖಾಲಿ ಬೋಟು ಎಲ್ಲೋ ದೂರದ ದಂಡೆಗೆ ಹೋಗಿ ನಿಂತಿತ್ತು. ಅಲ್ಲೆಲ್ಲ ಹುಡುಕಿದರೂ ಹೆಣ ಸಿಗಲಿಲ್ಲ. ಮಗನಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ಇಲ್ಲವಲ್ಲ ಎಂದು ಗಂಡ-ಹೆಂಡತಿ ಊಟ ಬಿಟ್ಟು ಸೊರಗಿ ಕಡ್ಡಿಯಾಗಿದ್ದರು.

ಅದೇ ಬೋಟಿನಲ್ಲಿ ಎಂಜಿನ್ ಬಿಸಿ ತೋರಿಸುವ ಹೀಟ್ ಮೀಟರ್ ಕೆಟ್ಟಿದೆ ಅಂತ ಕಾಕಾ ನನ್ನನ್ನು ಕರೆದ.

"ಒಂದ ಜಾಗಾದಾಗ ಮುಳ್ಳು ಕೆಂಪಿಗೆ ಏರತೈತಿ ತಮ್ಮಾ. ಹೆದರಿ ಎಂಜಿನ್ ಬಂದ್ ಮಾಡ್ತೇನಿ. ತೇಲಿ ಮುಂದ ಹೋದ್ರ ತಾನ ಇಳಿತೈತಿ."

"ಮೀಟರಿಗೆ ಜಾಗಾ ಹೆಂಗ ಗೊತ್ತಾಗ್ತೈತ್ರಿ ಕಾಕಾ? ವಾಯರ್ ಎಲ್ಲೋ ತಾಗತಿರಬೇಕು" ಎಂದು ನಕ್ಕೆ.

ದಂಡೆಯಲ್ಲೇ ವಾಯರ್ ಪೂರ್ತಿ ನೋಡಿದೆ, ಎಂಜಿನ್ ತಣಿಸಲು ನೀರೆಳೆಯುವ ಪೈಪಿನ ಕಸ ತೆಗೆದೆ. ತಪ್ಪು ಸಿಗಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿತು. ಆ ಜಾಗಕ್ಕೇ ಹೋಗಿ ನೋಡೋಣ ಅಂತ ಇಬ್ಬರೂ ಹೊರಟೆವು.

ಕಾಕಾ ದಾರಿ ಹಿಡಿಯುವ ರೀತಿಯೇ ಬೇರೆ. ಅವನ ಹಳೇ ಊರು ಆ ನೀರಿನ ಕೆಳಗಿದೆ. ಗುಡ್ಡದ ಗುರುತು, ದಂಡೆಯ ದೀಪ ನೋಡುತ್ತ, ಮುಳುಗಿದ ಓಣಿಗಳ ಮೇಲೆಯೇ ಬೋಟು ನಡೆಸುತ್ತಾನೆ. "ಈಗ ಊರ ಅಗಸಿ ಬಾಗಲಾ ದಾಟಿದ್ವಿ... ಇದು ಹನಮಪ್ಪನ ಗುಡಿ... ಇದು ಸೀನೀರ ಬಾವಿ..." ಸುತ್ತ ಬರೀ ಕಪ್ಪು ನೀರು.

ಒಂದು ಕಡೆ ಕಾಕಾ ಬೆರಳು ಮಾಡಿ ಮೀಟರ್ ತೋರಿಸಿದ. ಮುಳ್ಳು ಏರತೊಡಗಿತು...

ಎಂಜಿನ್ ಮುಟ್ಟಿದೆ. ಸ್ವಲ್ಪ ಬೆಚ್ಚಗಿತ್ತು, ಅಷ್ಟೆ. ಎಂಜಿನ್ ಕಡೆಯ ವಾಯರ್ ಕಿತ್ತೆ. ಕಿತ್ತರೆ ಮುಳ್ಳು ಬೀಳಲೇಬೇಕು. ಬೀಳಲಿಲ್ಲ. ಸಿಟ್ಟಿಗೆದ್ದು ಮೀಟರಿನ ಹಿಂದಿನ ಎಲ್ಲ ವಾಯರನ್ನೂ ಬಿಚ್ಚಿಬಿಟ್ಟೆ. ಅಷ್ಟರಲ್ಲಿ ಬೋಟು ಮೆಲ್ಲಗೆ ಮುಂದೆ ಸರಿಯಿತು, ಮುಳ್ಳು ಇಳಿಯಿತು. ಅಬ್ಬಾ, ಎಂದೆ. ಕಾಕಾ ಎಂಜಿನ್ ಬಂದ್ ಮಾಡಿ, ಮೆಲ್ಲಗೆ ಹುಟ್ಟು ಹಾಕಿ ಬೋಟನ್ನು ಹಿಂದಕ್ಕೆ ತಂದ. ಒಂದೂ ವಾಯರ್ ಇಲ್ಲದ ಮೀಟರಿನ ಮುಳ್ಳು ಮತ್ತೆ ಎದ್ದು ಕೆಂಪಿಗೆ ಹೋಗಿ ನಿಂತಿತು.

"ಕಾಕಾ... ಇದು ಯಾವ ಜಾಗಾರಿ?"

"ನಮ್ಮ ಮನಿ." ಹುಟ್ಟನ್ನು ಒಳಗೆಳೆದುಕೊಂಡ. "ಅಂವಾ ಹುಟ್ಟಿದ ಮನಿ."

ಆಗ ಬಂತು ವಾಸನೆ... ಒಲೆಯ ಹೊಗೆ, ಹಂಚಿನ ಮೇಲಿನ ಬಿಸಿ ರೊಟ್ಟಿ. ನಡು ನೀರಿನಲ್ಲಿ! ದಂಡೆ ಎಷ್ಟೋ ದೂರ, ಗಾಳಿಯೂ ಇರಲಿಲ್ಲ.

"ನಿನಗೂ ಬಂತೇನೋ?" ಪಿಸುಗುಟ್ಟಿದ. ಆಮೇಲೆ ನೀರಿನ ಮೇಲೆ ಬಾಗಿ, "ಹನಮಾ... ನಿಮ್ಮವ್ವ ಕಾಯಾಕತ್ಯಾಳಪಾ. ಮಣ್ಣಿಗಾದರೂ ಬಾರೋ..." ಎಂದ. ನನಗೆ ದುಃಖ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಮರುದಿನ ಕಾಕಾ ಕರೆಸಿದ ಈಜುಗಾರರು ಅದೇ ಜಾಗದಲ್ಲಿ ಮುಳುಗಿ ಹುಡುಕಿದರು. ಬಿದ್ದ ಗೋಡೆ, ಕೆಸರು ಬಿಟ್ಟು ಏನೂ ಸಿಗಲಿಲ್ಲ. ನಾನು ಹೊಸ ಮೀಟರ್ ತಗೊಂಡು ಹೋದಾಗ ಕಾಕಾ ನನ್ನ ಕೈ ಹಿಡಿದುಕೊಂಡ.

"ಮುಟ್ಟಬ್ಯಾಡ ತಮ್ಮಾ. ಇದನ್ನ ತಗದ್ರ ಅಂವಾ ಎಲ್ಲಿದಾನ ಅಂತ ನನಗ ಹೆಂಗ ಗೊತ್ತಾಗಬೇಕು?"

ವಾಯರನ್ನೂ ಜೋಡಿಸಗೊಡಲಿಲ್ಲ. ಅಂದಿನಿಂದ ದಿನಾ ಸಂಜೆ ಹೆಂಡತಿಯನ್ನು ಕೂಡಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಮುಳ್ಳು ಎದ್ದ ಕೂಡಲೇ ಆ ತಾಯಿ ಮಗನ ಜೊತೆ ಮಾತಿಗೆ ಕೂಡುತ್ತಿದ್ದಳಂತೆ. ಮನೆಗೆ ಬಂದು ಎರಡು ತುತ್ತು ಉಣ್ಣುತ್ತಿದ್ದಳಂತೆ.

ಮೊನ್ನೆ ಕಾಕಾನ ಫೋನ್ ಬಂತು.

"ತಮ್ಮಾ... ಮುಳ್ಳು ಏಳವಲ್ದು. ಎಷ್ಟ ಸಲ ತಿರುಗಿದ್ರೂ ಏಳವಲ್ದು. ಆಕಿ ಮತ್ತ ಊಟಾ ಬಿಟ್ಟಾಳ. ಬಂದು ರಿಪೇರಿ ಮಾಡಪಾ, ಕೈ ಮುಗಿತೇನಿ."

"ಬರ್ತೇನ್ರಿ ಕಾಕಾ" ಅಂದುಬಿಟ್ಟೆ. ಇನ್ನೂ ಹೋಗಿಲ್ಲ. ಹೋಗಿ ಏನು ಮಾಡಲಿ, ನೀವೇ ಹೇಳಿ.